ಎರಡು ಎಮ್ಮಿ ಅದಾವ: ಬಳ್ಳಾರಿ ಸೀಮೆಯ ಮಾತಿನಲ್ಲಿ ‘ಗಳು’ ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ

ಸಿರುಗುಪ್ಪದ ಅಕ್ಕಿ ಗಿರಣಿಗೆ ನೆಲ್ಲು ತಂದ ರೈತ ‘ಎಂಬತ್ತು ಚೀಲ ಅದಾವ’ ಎನ್ನುತ್ತಾನೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕಡೆ ಲೆಕ್ಕ ‘ಸಾವಿರ ಪೀಸು’. ಕುರುಗೋಡಿನ ಸುತ್ತ ‘ನೂರು ಕುರಿ’, ‘ಒಂದು ಜೊತೆ ಎತ್ತು’, ‘ಮೂರು ಎಕರೆ ನಲವತ್ತು ಸೆಂಟು’. ಹಳೇ ಮೈಸೂರಿನವರು ಗುಂಟೆಯಲ್ಲಿ ಅಳೆಯುವ ನೆಲವನ್ನು ಇಲ್ಲಿ ಸೆಂಟಿನಲ್ಲಿ ಅಳೆಯುತ್ತಾರೆ. 1953ರ ಅಕ್ಟೋಬರ್ 1ರವರೆಗೆ ಈ ಸೀಮೆ ಮದ್ರಾಸಿನ ಆಡಳಿತದಲ್ಲಿದ್ದುದರ ಗುರುತು ಅದು. ಅಳತೆ ಯಾವುದಾದರೂ ವ್ಯಾಕರಣ ಒಂದೇ. ಚೀಲ, ಪೀಸು, ಕುರಿ, ಎಕರೆ ಇವು ಯಾವುದಕ್ಕೂ ‘ಗಳು’ ಹತ್ತಿಲ್ಲ. ಗಿರಣಿಯ ಮುಂದೆ ನಿಂತು ಯಾರಾದರೂ ‘ಎಂಬತ್ತು ಚೀಲಗಳು ಇವೆ’ ಎಂದರೆ, ಇವರು ಪತ್ರಿಕೆಯವರೋ ಇಲಾಖೆಯವರೋ ಇರಬೇಕು ಎಂದು ಕೇಳಿದವರಿಗೆ ಅನಿಸುತ್ತದೆ.

ಶಾಲೆಯ ವ್ಯಾಕರಣ ಹೇಳುವುದು ಬೇರೆ. ಒಂದಿದ್ದರೆ ಏಕವಚನ, ಒಂದಕ್ಕಿಂತ ಹೆಚ್ಚಿದ್ದರೆ ಬಹುವಚನ, ಮರ–ಮರಗಳು, ಚೀಲ–ಚೀಲಗಳು. ಆ ಪಾಠವನ್ನು ನಂಬಿದರೆ ಗಿರಣಿಯ ಮುಂದಿನ ಮಾತೆಲ್ಲ ಅರ್ಧಂಬರ್ಧ ಕನ್ನಡವಾಗಿಬಿಡುತ್ತದೆ. ಆದರೆ ಆ ಮಾತಿನಿಂದ ಯಾರಿಗೂ ಲೆಕ್ಕ ತಪ್ಪಿಲ್ಲ, ಯಾರೂ ಮೋಸ ಹೋಗಿಲ್ಲ. ಹಾಗಾದರೆ ‘ಗಳು’ ಮಾಡುವ ಕೆಲಸವೇನು? ಸಂಖ್ಯೆ ಹೇಳುವುದೇ ಅದರ ಕೆಲಸವಾಗಿದ್ದರೆ, ಸಂಖ್ಯೆ ಎಲ್ಲಕ್ಕಿಂತ ಮುಖ್ಯವಾಗುವ ಸಂತೆಯಲ್ಲೇ ಅದು ಏಕೆ ಕಾಣೆಯಾಗುತ್ತದೆ?

ಈ ಪ್ರಶ್ನೆಗೆ ಭಾಷಾಶಾಸ್ತ್ರದಲ್ಲಿ ದೊಡ್ಡ ಸಾಹಿತ್ಯವಿದೆ. ಅದರೊಳಗೆ ಇಳಿಯುವ ಮುನ್ನ ಒಂದು ವಿಚಿತ್ರ ನಂಟನನ್ನು ನೋಡಿ ಬರೋಣ. ‘ಸ್ಟಾರ್ ಟ್ರೆಕ್’ ಚಿತ್ರಗಳಲ್ಲಿ ಬರುವ ಕ್ಲಿಂಗಾನ್ ಎಂಬ ಯೋಧ ಕುಲಕ್ಕೆ ಒಂದು ಭಾಷೆ ಬೇಕಾಯಿತು. ಅಮೆರಿಕದ ಮೂಲನಿವಾಸಿಗಳ ಮುಟ್ಸುನ್ ಭಾಷೆಯ ಮೇಲೆ ಸಂಶೋಧನೆ ಮಾಡಿದ್ದ ಮಾರ್ಕ್ ಓಕ್ರಂಡ್ ಅದನ್ನು ಕಟ್ಟಿದರು. ಅವರ ಕ್ಲಿಂಗಾನ್ ನಿಘಂಟು 1985ರಲ್ಲಿ ಅಚ್ಚಾಯಿತು. ಭೂಮಿಯ ಭಾಷೆಯಂತೆ ಕೇಳಿಸಬಾರದು ಎಂಬುದು ಅದರ ಹಿಂದಿನ ಹಟ. ಆ ಭಾಷೆಯಲ್ಲಿ ನಾಮಪದಕ್ಕೆ ಬಹುವಚನದ ಪ್ರತ್ಯಯ ಹಚ್ಚಲೇಬೇಕೆಂಬ ಕಟ್ಟಳೆಯಿಲ್ಲ. ಸಂದರ್ಭದಿಂದಲೋ, ಕ್ರಿಯಾಪದಕ್ಕೆ ಅಂಟಿಕೊಂಡ ಗುರುತಿನಿಂದಲೋ ಒಂದೋ ಹಲವೋ ಎಂಬುದು ತಿಳಿದರೆ ಸಾಕು. ಹಚ್ಚುವುದಾದರೆ ಮೂರು ಪ್ರತ್ಯಯಗಳಿವೆ. ಮಾತು ಬಲ್ಲ ಜೀವಿಗಳಿಗೆ ‘ಪು’, ದೇಹದ ಅಂಗಗಳಿಗೆ ‘ಡು’, ಮಿಕ್ಕ ಎಲ್ಲಕ್ಕೂ ‘ಮೇಯ್’.

ಅನ್ಯಲೋಕದ್ದೆಂದು ಹೆಣೆದ ಈ ಏರ್ಪಾಡು ಕನ್ನಡಿಗನಿಗೆ ಯಾಕೋ ಮನೆಯದೇ ಅನಿಸುತ್ತದೆ. ನಮ್ಮಲ್ಲೂ ಸರಿಸುಮಾರು ಮೂರು ಪಂಕ್ತಿಗಳಿವೆ. ಮನುಷ್ಯರಿಗೆ ‘ಅರು’: ಹುಡುಗರು, ರೈತರು. ನೆಂಟಸ್ತಿಕೆಯ ಹೆಸರುಗಳಿಗೆ ‘ಅಂದಿರು’: ಅಣ್ಣಂದಿರು, ಅಕ್ಕಂದಿರು. ಉಳಿದದ್ದಕ್ಕೆ ‘ಗಳು’. ಕ್ಲಿಂಗಾನರು ಕಣ್ಣು ಕಾಲುಗಳಿಗೆ ಕೊಟ್ಟ ಪ್ರತ್ಯೇಕ ಮರ್ಯಾದೆಯನ್ನು ನಾವು ಅಣ್ಣ ಅಕ್ಕಂದಿರಿಗೆ ಕೊಟ್ಟಿದ್ದೇವೆ ಅಷ್ಟೆ. ಇನ್ನೂ ಒಂದು ಹೋಲಿಕೆಯಿದೆ. ಕ್ಲಿಂಗಾನಿನಲ್ಲಿ ರೂಪದಲ್ಲೇ ಬಹುತ್ವವಿರುವ ಕೆಲವು ಪದಗಳಿವೆ. ಅವು ಹಲವನ್ನು ಸೂಚಿಸಿದರೂ ವ್ಯಾಕರಣದಲ್ಲಿ ಏಕವಚನದಂತೆಯೇ ನಡೆಯುತ್ತವೆ. ನಮ್ಮ ಸೀಮೆಯ ‘ಮಂದಿ’ಯನ್ನು ನೋಡಿ. ‘ಜಾತ್ರಿಗೆ ಮಂದಿ ಭಾಳ ಬಂದಿತ್ತು’ ಎನ್ನುವಾಗ ಸಾವಿರಾರು ಜನ ಸೇರಿಯೂ ಕ್ರಿಯಾಪದ ಒಂದೇ ವಸ್ತುವಿನದು.

ಹೋಲಿಕೆ ಆಕಸ್ಮಿಕ, ಸಂಬಂಧ ಏನೂ ಇಲ್ಲ. ಅದರಿಂದ ತಿಳಿಯುವುದು ಇಷ್ಟೆ: ಯುರೋಪಿನ ಭಾಷೆಗಳ ಕಣ್ಣಿಗೆ ಅಪರೂಪವೆಂದು ಕಾಣುವ ಗುಣ ಲೋಕದಲ್ಲಿ ಅಪರೂಪವಲ್ಲ. ಮಾರ್ಟಿನ್ ಹಾಸ್ಪೆಲ್ಮಾಥ್ ಅವರು ಭಾಷಾರಚನೆಗಳ ಜಾಗತಿಕ ನಕಾಶೆಗಾಗಿ 291 ಭಾಷೆಗಳನ್ನು ತೂಗಿ ನೋಡಿದಾಗ, ಎಲ್ಲ ನಾಮಪದಗಳಿಗೂ ಬಹುವಚನ ಕಡ್ಡಾಯವಾಗಿರುವ ಭಾಷೆಗಳು 133 ಮಾತ್ರ ಸಿಕ್ಕವು. ಅರ್ಧಕ್ಕಿಂತ ಕಡಿಮೆ. ಉಳಿದವುಗಳಲ್ಲಿ ಕೆಲವಕ್ಕೆ ಬಹುವಚನವೇ ಇಲ್ಲ, ಕೆಲವಕ್ಕೆ ಮನುಷ್ಯರಿಗೆ ಮಾತ್ರ ಇದೆ, ಕೆಲವಕ್ಕೆ ಇದ್ದರೂ ಬೇಕಾದಾಗ ಮಾತ್ರ. ತುರ್ಕಿ ಮತ್ತು ಹಂಗೇರಿಯನ್ ಭಾಷೆಗಳಲ್ಲಿ ಎರಡು, ಮೂರು ಎಂಬ ಸಂಖ್ಯಾಪದ ಬಂದ ಮೇಲೆ ನಾಮಪದಕ್ಕೆ ಬಹುವಚನ ಹಚ್ಚುವುದೇ ಇಲ್ಲ. ಒಮ್ಮೆ ಹೇಳಿದ್ದನ್ನು ಮತ್ತೆ ಏಕೆ ಹೇಳಬೇಕು ಎಂಬ ಮಿತವ್ಯಯ. ನಮ್ಮ ‘ಎಂಬತ್ತು ಚೀಲ’ದ ಹಿಂದೆಯೂ ಇದೇ ಇದೆ, ಆದರೆ ಇದೊಂದೇ ಅಲ್ಲ.

ನಮ್ಮ ವೈಯಾಕರಣರು ಇದನ್ನು ಕಂಡಿರಲಿಲ್ಲವೇ? ಕೇಶಿರಾಜ ಸುಮಾರು 1260ರಲ್ಲಿ ‘ಶಬ್ದಮಣಿದರ್ಪಣ’ ಬರೆದಾಗ ಗಳ್, ಅರ್, ಇರ್ ಮೊದಲಾದ ಪ್ರತ್ಯಯಗಳನ್ನು ವಿಂಗಡಿಸಿದ. 1604ರಲ್ಲಿ ಭಟ್ಟಾಕಳಂಕ ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲೇ ಬರೆದ. ಇಬ್ಬರ ಕೈಯಲ್ಲಿದ್ದ ಅಚ್ಚು ಸಂಸ್ಕೃತದ್ದು, ಮತ್ತು ಸಂಸ್ಕೃತ ಪ್ರತಿಯೊಂದು ನಾಮಪದವೂ ತನ್ನ ವಚನವನ್ನು ಹೊತ್ತೇ ನಡೆಯಬೇಕೆಂದು ಕೇಳುವ ಭಾಷೆ. ಎರಡಿದ್ದರೆ ಅದಕ್ಕೊಂದು ದ್ವಿವಚನ ಬೇರೆ. ಆ ದ್ವಿವಚನದ ಭಾರವನ್ನು ಪ್ರಾಕೃತ ಬಹಳ ಹಿಂದೆಯೇ ಕೆಳಗಿಳಿಸಿತ್ತು; ಸಿರುಗುಪ್ಪ ತಾಲ್ಲೂಕಿನ ನಿಟ್ಟೂರಿನ ಬಂಡೆಯ ಮೇಲಿರುವ ಅಶೋಕನ ಶಾಸನ ಬರೆದದ್ದು ಆ ಪ್ರಾಕೃತದಲ್ಲೇ. ಪಂಡಿತರ ಅಚ್ಚಿನಲ್ಲಿ ಹಿಡಿಯದ ಆಡುಮಾತಿನ ನಡೆ ‘ವಿಕಲ್ಪ’ ಎಂಬ ಮೂಲೆಗೆ ಸರಿಯಿತು.

ತಮಿಳಿನವರು ಈ ವಿಷಯದಲ್ಲಿ ಚುರುಕು. ಅವರ ಪರಂಪರೆ ನಾಮಪದಗಳನ್ನು ಉಯರ್‌ತಿಣೈ, ಅಃಱಿಣೈ ಎಂದು ಎರಡಾಗಿ ಒಡೆಯುತ್ತದೆ. ಮೊದಲನೆಯದು ಮನುಷ್ಯ, ದೇವರು. ಎರಡನೆಯದು ಉಳಿದ ಎಲ್ಲ. ಎರಡನೆಯ ಗುಂಪಿನ ಪದ ಒಂದನ್ನೂ ಹೇಳಬಹುದು, ಹಲವನ್ನೂ ಹೇಳಬಹುದು; ಯಾವುದೆಂದು ಕ್ರಿಯಾಪದ ತೀರ್ಮಾನಿಸುತ್ತದೆ ಎಂದು ಅವರ ವ್ಯಾಕರಣ ಬಿಚ್ಚಿ ಹೇಳುತ್ತದೆ. ಹೀಗೆ ಒಡೆಯದ ಪದಕ್ಕೆ ಅವರಲ್ಲಿ ಹೆಸರೇ ಇದೆ. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ರಾಬರ್ಟ್ ಕಾಲ್ಡ್‌ವೆಲ್ ಕೂಡ ನಪುಂಸಕಲಿಂಗದ ಪದಗಳಲ್ಲಿ ವಚನ ಬಹುಮಟ್ಟಿಗೆ ಸಂದರ್ಭಕ್ಕೆ ಬಿಟ್ಟದ್ದು ಎಂಬುದನ್ನು ಗಮನಿಸಿದ್ದರು. ಆಮೇಲೆ ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ.ಎನ್. ಶಂಕರ ಭಟ್ಟರು ವಾದಿಸಿದಾಗ ಆದ ಗದ್ದಲ ಓದುಗರಿಗೆ ಗೊತ್ತೇ ಇದೆ. ಅವರ ಎಲ್ಲ ತೀರ್ಮಾನಗಳನ್ನು ಒಪ್ಪಬೇಕಿಲ್ಲ. ಆದರೆ ವಚನದ ಪ್ರಶ್ನೆಯಲ್ಲಿ ಅವರ ದಾರಿ ಬಿಟ್ಟರೆ ಬೇರೆ ದಾರಿ ನನಗೆ ಕಾಣುವುದಿಲ್ಲ: ಜನ ಆಡುವುದನ್ನು ಮೊದಲು ನೋಡಿ, ಆಮೇಲೆ ಸೂತ್ರ ಹೇಳುವುದು.

ಜನ ಆಡುವುದನ್ನು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಮೇಲು ಕೀಳಿನ ಒಂದು ಏಣಿ. ಮೇಲಿನ ಮೆಟ್ಟಿಲಿನಲ್ಲಿ ಮನುಷ್ಯರು. ಅಲ್ಲಿ ವಿಕಲ್ಪಕ್ಕೆ ಎಡೆಯಿಲ್ಲ. ‘ಮೂರು ಹುಡುಗ ಬಂದ’ ಎಂದು ಬಳ್ಳಾರಿಯಲ್ಲಾಗಲಿ ಬೀದರಿನಲ್ಲಾಗಲಿ ಯಾರೂ ಅನ್ನುವುದಿಲ್ಲ. ಸಂಖ್ಯಾಪದವೇ ಬೇರೆಯಾಗುತ್ತದೆ: ಇಬ್ಬರು, ಮೂವರು, ನಾಲ್ವರು, ಅದು ಸಾಲದಾದಾಗ ‘ಹತ್ತು ಮಂದಿ ಹುಡುಗರು’. ಕೆಳಗಿನ ಮೆಟ್ಟಿಲಿನಲ್ಲಿ ಕಲ್ಲು, ಚೀಲ, ಇಟ್ಟಿಗೆ. ನಡುವೆ ದನ, ಕುರಿ, ಎಮ್ಮೆ. ಅಮೆರಿಕದ ಸ್ಮಿತ್-ಸ್ಟಾರ್ಕ್ ಎಂಬ ವಿದ್ವಾಂಸ 1974ರಲ್ಲಿ ತೋರಿಸಿದ್ದು ಇದನ್ನೇ: ಲೋಕದ ಯಾವ ಭಾಷೆಯೇ ಆಗಲಿ ಬಹುವಚನವನ್ನು ಎಲ್ಲೋ ಒಂದು ಕಡೆ ನಿಲ್ಲಿಸುವುದಾದರೆ, ಮೇಲಿನಿಂದ ಇಳಿಯುತ್ತಾ ಬಂದು ನಿಲ್ಲಿಸುತ್ತದೆ. ಮನುಷ್ಯರನ್ನು ಬಿಟ್ಟು ಕಲ್ಲುಗಳಿಗೆ ಮಾತ್ರ ಬಹುವಚನ ಕೊಡುವ ಭಾಷೆ ಸಿಕ್ಕುವುದಿಲ್ಲ.

ಏಣಿಯ ಮಾತು ನಿಜ. ಆದರೆ ಬಳ್ಳಾರಿ ಸೀಮೆಯ ಹೊಲಕ್ಕೆ ಹೋದರೆ ಅದೇ ಮನುಷ್ಯರು ಏಣಿ ಇಳಿಯುವುದನ್ನೂ ಕಾಣಬಹುದು. ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ, ಹತ್ತಿ ಬಿಡಿಸುವ ಕಾಲದಲ್ಲಿ ಹೊಲದವರು ಕೇಳುವುದು ‘ಹೆಣ್ಣಾಳು ಇಪ್ಪತ್ತು ಬೇಕು, ಗಂಡಾಳು ಐದು ಸಾಕು’ ಎಂದು. ‘ಆಳುಗಳು’ ಇಲ್ಲ, ‘ಇಪ್ಪತ್ತು ಮಂದಿ’ಯೂ ಇಲ್ಲ. ಕೂಲಿಯ ಲೆಕ್ಕದಲ್ಲಿ ಆಳು ಎಂಬುದು ಮನುಷ್ಯನ ಹೆಸರಲ್ಲ, ಒಂದು ದಿನದ ದುಡಿಮೆಯ ಅಳತೆ. ಚೀಲ, ಎಕರೆ, ಕ್ವಿಂಟಲ್ ಇದ್ದ ಹಾಗೆ. ‘ಈ ಹೊಲಕ್ಕೆ ನಲವತ್ತು ಆಳು ಹಿಡಿತು’ ಎಂದಾಗ ನಲವತ್ತು ಜನ ಒಂದು ದಿನ ಬಂದಿರಬಹುದು, ಹತ್ತು ಜನ ನಾಲ್ಕು ದಿನ ಬಂದಿರಬಹುದು. ಅದೇ ಹೊಲದಲ್ಲಿ, ಅದೇ ಇಪ್ಪತ್ತು ಜನರ ಬಗ್ಗೆ, ಊಟದ ಮಾತು ಬಂದಾಗ ಭಾಷೆ ತಟ್ಟನೆ ಬದಲಾಗುತ್ತದೆ: ‘ಹೆಣ್ಮಕ್ಳು ಇನ್ನಾ ಉಂಡಿಲ್ಲ.’ ಈಗ ಬಹುವಚನ ಮರಳಿತು. ಸಂಖ್ಯೆ ಆಗ ಇದ್ದಷ್ಟೇ ಈಗಲೂ ಇದೆ. ಬದಲಾದದ್ದು ನೋಡುವ ಬಗೆ. ಆಗ ಅವರು ಮೊತ್ತ, ಈಗ ಅವರು ಒಬ್ಬೊಬ್ಬರಾಗಿ ಹಸಿವೆಯುಳ್ಳವರು.

ಇಷ್ಟು ಕಂಡ ಮೇಲೆ ‘ವಿಕಲ್ಪ’ ಎಂಬ ಪದದ ಬಗ್ಗೆಯೇ ನನ್ನ ತಕರಾರು. ವಿಕಲ್ಪ ಎಂದರೆ ಹಚ್ಚಿದರೂ ಆಯಿತು, ಬಿಟ್ಟರೂ ಆಯಿತು, ಅರ್ಥ ಅದೇ ಎಂಬ ಭಾವ ಬರುತ್ತದೆ. ಕನ್ನಡದ ‘ಗಳು’ ಹಾಗಲ್ಲ. ಬಿಟ್ಟಾಗ ಒಂದು ಅರ್ಥ, ಹಚ್ಚಿದಾಗ ಇನ್ನೊಂದು. ‘ಎಮ್ಮಿ ಕಾಯ್ತಾನ’ ಎಂದರೆ ಅದು ಅವನ ಕಸುಬು. ಎಮ್ಮೆ ಒಂದೋ ಹತ್ತೋ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ‘ಆ ಎಮ್ಮಿಗಳ್ನ ಹೊಡ್ಕೊಂಡು ಬಾ’ ಎಂದರೆ ಕಣ್ಣಮುಂದಿನ, ಇಬ್ಬರಿಗೂ ಗೊತ್ತಿರುವ, ಬಿಡಿಬಿಡಿಯಾದ ಎಮ್ಮೆಗಳು. ಇಂಗ್ಲೆಂಡಿನ ಗ್ರೆವಿಲ್ ಕಾರ್ಬೆಟ್ 2000ದಲ್ಲಿ ಪ್ರಕಟಿಸಿದ ವಚನ ಕುರಿತ ಪುಸ್ತಕದಲ್ಲಿ ಇಂಥ ಬರಿಯ ರೂಪಕ್ಕೆ ಏಕವಚನ ಎಂಬ ಹೆಸರೇ ತಪ್ಪು, ಅದು ವಚನದ ಗೊಡವೆಗೇ ಹೋಗದ ಸಾಮಾನ್ಯ ರೂಪ ಎಂಬ ವಿಚಾರ ವಿಸ್ತಾರವಾಗಿ ಬಂದಿದೆ. ಅದು ನಮಗೆ ಚೆನ್ನಾಗಿ ಒಪ್ಪುತ್ತದೆ. ‘ಎಮ್ಮಿ’ ಏಕವಚನವಲ್ಲ; ಒಂದೇ ಎಂದು ಒತ್ತಿ ಹೇಳಬೇಕಾದರೆ ನಾವು ‘ಒಂದು ಎಮ್ಮಿ’ ಎನ್ನುತ್ತೇವೆ.

‘ಗಳು’ ಬಂದೇ ತೀರುವ ಇನ್ನೊಂದು ಜಾಗ ಬಗೆಗಳ ಮಾತು. ಅಕ್ಕಿಗೆ ಸಾಮಾನ್ಯವಾಗಿ ‘ಗಳು’ ಹತ್ತುವುದಿಲ್ಲ, ಹತ್ತು ಲಾರಿ ತುಂಬಿದರೂ ಅದು ಅಕ್ಕಿಯೇ. ಆದರೆ ತುಂಗಭದ್ರೆಯ ನೀರಿನಲ್ಲಿ ಬೆಳೆಯುವ ಸೋನಾ ಮಸೂರಿಯನ್ನು ಬೇರೆ ತಳಿಗಳ ಜೊತೆಗಿಟ್ಟು ತೂಗುವಾಗ ‘ಈ ಅಕ್ಕಿಗಳಲ್ಲಿ ಯಾವುದು ಹಳೇದು’ ಎಂದು ಕೇಳಬಹುದು. ಹಾಗೆಯೇ ಚದುರಿಹೋಗಿರುವುದನ್ನು ಹೇಳಲು ಕನ್ನಡಕ್ಕೆ ಬಹುವಚನವೇ ಬೇಕಿಲ್ಲ. ಊರೂರು, ಮನಿಮನಿ, ಒಂದೊಂದು. ಪದವನ್ನು ಎರಡು ಸಲ ಹೇಳಿದರೆ ಸಾಕು. ಅಂಥದ್ದೆಲ್ಲವನ್ನೂ ಸೇರಿಸಬೇಕೆಂದರೆ ‘ಚೀಲಾ ಗೀಲಾ’. ಕ್ಲಿಂಗಾನಿನಲ್ಲಿ ಮಕ್ಕಳಿಗೆ ಮನುಷ್ಯರ ಪ್ರತ್ಯಯ ಬಿಟ್ಟು ವಸ್ತುಗಳ ‘ಮೇಯ್’ ಹಚ್ಚಿದರೆ ‘ಎಲ್ಲೆಂದರಲ್ಲಿ ಚೆಲ್ಲಿಕೊಂಡಿರುವ ಮಕ್ಕಳು’ ಎಂಬ ಅರ್ಥ ಬರುತ್ತದಂತೆ. ನಮ್ಮ ಅಜ್ಜಿಯರಿಗೆ ಈ ಪ್ರತ್ಯಯ ಸಿಕ್ಕಿದ್ದರೆ ಬೇಸಿಗೆ ರಜೆಯಲ್ಲಿ ಬಹಳ ಉಪಯೋಗವಾಗುತ್ತಿತ್ತು.

ನಾಮಪದ ಬಿಟ್ಟುಕೊಟ್ಟ ಸಂಖ್ಯೆಯನ್ನು ಕ್ರಿಯಾಪದ ಹಿಡಿದಿಟ್ಟುಕೊಳ್ಳುತ್ತದೆಯೇ ಎಂಬುದರಲ್ಲಿ ಕನ್ನಡದ ಸೀಮೆಗಳ ನಡುವೆಯೇ ವ್ಯತ್ಯಾಸವಿದೆ. ಈ ಭಾಗ ನನಗೆ ಎಲ್ಲಕ್ಕಿಂತ ಸ್ವಾರಸ್ಯದ್ದು. ಬೆಂಗಳೂರಿನ ಆಡುಮಾತಿನಲ್ಲಿ ‘ಎರಡು ಎಮ್ಮೆ ಇದೆ’ ಎಂಬುದು ಸಾಮಾನ್ಯ. ನಾಮಪದವೂ ಬರಿದು, ಕ್ರಿಯಾಪದವೂ ಏಕವಚನ, ಸಂಖ್ಯೆ ಉಳಿದದ್ದು ‘ಎರಡು’ ಎಂಬಲ್ಲಿ ಮಾತ್ರ. ಸಿರುಗುಪ್ಪದ ಕಡೆ ‘ಎರಡು ಎಮ್ಮಿ ಐತಿ’ ಎಂದರೆ ಕಿವಿಗೆ ಕಸಿವಿಸಿ. ಅಲ್ಲಿ ‘ಎರಡು ಎಮ್ಮಿ ಅದಾವ’. ಸಂಖ್ಯಾಪದವೇ ಇಲ್ಲದಿದ್ದರೂ ‘ಎಮ್ಮಿ ಐತಿ’, ‘ಎಮ್ಮಿ ಅದಾವ’ ಎಂಬ ಎರಡರಿಂದಲೇ ಕೊಟ್ಟಿಗೆಯಲ್ಲಿ ಒಂದಿದೆಯೋ ಹೆಚ್ಚಿವೆಯೋ ತಿಳಿಯುತ್ತದೆ. ತಮಿಳು ವೈಯಾಕರಣರು ಹೇಳಿದ್ದು, ಓಕ್ರಂಡ್ ತಮ್ಮ ಯೋಧರಿಗಾಗಿ ಹೆಣೆದದ್ದು ಕೂಡ ಇಂಥದ್ದೇ ವ್ಯವಸ್ಥೆ. ಬಳ್ಳಾರಿ ಸೀಮೆಯವರದು ಸಡಿಲ ಕನ್ನಡ, ಬೆಂಗಳೂರಿನದು ಶಿಷ್ಟ ಎಂದು ನಂಬಿದವರು ಈ ಒಂದು ಕ್ರಿಯಾಪದವನ್ನು ಗಮನಿಸಬೇಕು. ಹಳೆಯ ಬಿಗಿ ಉಳಿದಿರುವುದು ಇತ್ತ ಕಡೆಯೇ.

ಬಳ್ಳಾರಿ ನಗರದಲ್ಲಿ ಕನ್ನಡ ಒಂಟಿಯಾಗಿಲ್ಲ. ತೆಲುಗು, ದಖ್ಖನಿ ಉರ್ದು ಓಣಿ ಓಣಿಗೂ ಇವೆ. ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯನ್ನು ಹಂಚಿದಾಗ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಮನೆಮಾತುಗಳು ಮಾತ್ರ ಗಡಿಯ ಎರಡೂ ಕಡೆ ಇದ್ದಲ್ಲೇ ಉಳಿದವು. ವಚನದ ವಿಷಯದಲ್ಲಿ ಈ ನೆರೆಹೊರೆಯವರು ನಮ್ಮಂಥವರಲ್ಲ. ತೆಲುಗಿಗೆ ಎರಡು ಎಂದ ಮೇಲೆ ಬಹುವಚನ ಬೇಕೇ ಬೇಕು: ‘ರೆಂಡು ಎನುಮುಲು’, ‘ಪದಿ ರೂಪಾಯಲು’, ‘ಮೂಡು ಎಕರಾಲು’. ನಾವು ‘ಹತ್ತು ರೂಪಾಯಿ’ ಎಂದು ಮುಗಿಸುವ ಕಡೆ ಅವರು ‘ಲು’ ಸೇರಿಸಿಯೇ ಕೊಡುತ್ತಾರೆ. ಅಷ್ಟೇ ಅಲ್ಲ, ನೀರು (ನೀಳ್ಳು), ಹಾಲು (ಪಾಲು), ನೆಲ್ಲು (ವಡ್ಲು) ತೆಲುಗಿನಲ್ಲಿ ರೂಪದಿಂದಲೇ ಬಹುವಚನ, ಕ್ರಿಯಾಪದವೂ ಬಹುವಚನ. ಒಂದು ಲೋಟ ನೀರಿದ್ದರೂ ಅವು ‘ಉನ್ನಾಯಿ’. ದಖ್ಖನಿಯವರು ‘ಕಿತಾಬಾಂ’, ‘ಲೋಗಾಂ’, ‘ಬಾತಾಂ’ ಎಂದು ಧಾರಾಳವಾಗಿ ಬಹುವಚನ ಮಾಡುತ್ತಾರೆ. ದಿಲ್ಲಿಯ ಉರ್ದುವಿನವರು ನಕ್ಕರೂ ಬಿಡುವುದಿಲ್ಲ. ಒಂದೇ ಅಂಗಡಿಯಲ್ಲಿ ಮೂರೂ ಭಾಷೆಯಲ್ಲಿ ವ್ಯಾಪಾರ ಮಾಡುವ ಬಳ್ಳಾರಿಯವನು ‘ಹತ್ತು ರೂಪಾಯಿ’ಯಿಂದ ‘ಪದಿ ರೂಪಾಯಲು’ವಿಗೆ ದಾಟುವಾಗ ಇಡೀ ಒಂದು ವ್ಯಾಕರಣವನ್ನು ದಾಟಿರುತ್ತಾನೆ, ಗಿರಾಕಿಗೆ ಚಿಲ್ಲರೆ ಎಣಿಸುತ್ತಲೇ.

ಇಂಗ್ಲಿಷಿನ ‘ಸ್’ ಬಂದ ಕಥೆ ಬೇರೆ. ಅದು ಬಹುವಚನದ ವೇಷದಲ್ಲಿ ಬಂದು ಪದದೊಳಗೇ ಕೂತುಬಿಟ್ಟಿತು. ಜೀನ್ಸ್, ಚಿಪ್ಸ್, ಲೇಡೀಸ್. ‘ಒಬ್ಬ ಲೇಡೀಸು ನಿಂತಿದ್ರು’ ಎಂಬುದು ಬಸ್ಸಿನಲ್ಲಿ ದಿನವೂ ಕೇಳುವ ಮಾತು. ಆ ‘ಸ್’ಗೆ ಬೆಲೆಯೇ ಉಳಿದಿಲ್ಲವಾದ್ದರಿಂದ ಬಹುವಚನ ಬೇಕೆನಿಸಿದಾಗ ಕನ್ನಡದ್ದನ್ನು ಮೇಲೆ ಹೊದಿಸುತ್ತೇವೆ: ‘ಸ್ಟೂಡೆಂಟ್ಸ್‌ಗಳು’, ‘ಪೇರೆಂಟ್ಸ್‌ಗಳು’. ಪಂಡಿತರು ಬೈಯುತ್ತಾರೆ. ಬೈಯಬೇಕಾದ್ದು ಏನೂ ಇಲ್ಲ. ಹೊರಗಿನ ಪ್ರತ್ಯಯವನ್ನು ಪ್ರತ್ಯಯವೆಂದು ಕನ್ನಡ ಲೆಕ್ಕಕ್ಕೆ ಹಿಡಿದಿಲ್ಲ, ಅಷ್ಟೆ.

ಗೌರವಕ್ಕಾಗಿ ಬರುವ ಬಹುವಚನವನ್ನು ಇದರ ಜೊತೆ ಸೇರಿಸಬೇಕೋ ಬೇಡವೋ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಸೇರಿಸಬೇಕು ಎಂಬುದು ನನ್ನ ನಿಲುವು. ಬಳ್ಳಾರಿ ತಾಲ್ಲೂಕಿನ ಚೇಳ್ಳಗುರ್ಕಿಯ ಎರ್ರಿತಾತನನ್ನು ಭಕ್ತರು ‘ತಾತನವರು’ ಎಂದಾಗ, ಮಠಕ್ಕೆ ಬಂದ ಒಬ್ಬರೇ ಸ್ವಾಮಿಯನ್ನು ‘ಸ್ವಾಮಿಗಳು ಬಂದರು’ ಎಂದಾಗ ಎಣಿಕೆ ಒಂದೇ. ಅಲ್ಲಿ ‘ಗಳು’ ಹೇಳುವುದು ಈ ವ್ಯಕ್ತಿ ಗುಂಪಿನಲ್ಲಿ ಕರಗುವವರಲ್ಲ ಎಂದು. ಮನುಷ್ಯರಿಗಷ್ಟೇ ಸಲ್ಲುವ ‘ಅರು’ವಿಗಿಂತ ವಸ್ತುಗಳಿಗೂ ಸಲ್ಲುವ ‘ಗಳು’ ಗುರುಗಳಿಗೆ ಹೆಚ್ಚು ಗೌರವ ತಂದದ್ದು ಏಣಿಯ ಸಿದ್ಧಾಂತಕ್ಕೆ ಒಂದು ಗಂಟು, ಯಾರಾದರೂ ಬಿಡಿಸಬೇಕು. ಇನ್ನು ‘ದೇವರು’ ಎಂಬ ಪದವಂತೂ ಬಹುವಚನದ ರೂಪ ಹೊತ್ತುಕೊಂಡೇ ‘ದೇವರು ಅದಾನ’ ಎಂದು ಏಕವಚನದ ಕ್ರಿಯಾಪದದೊಂದಿಗೆ ಆರಾಮವಾಗಿದೆ.

ತೊಂದರೆ ಇರುವುದು ಬರವಣಿಗೆಯಲ್ಲಿ. ಅಚ್ಚಿನ ಕನ್ನಡ ಇಂಗ್ಲಿಷಿನಿಂದ ಅನುವಾದಗೊಂಡೇ ಬೆಳೆದ ಜಾಗಗಳಲ್ಲಿ, ಅಂದರೆ ಸುದ್ದಿ, ಸುತ್ತೋಲೆ, ಅರ್ಜಿ ನಮೂನೆಗಳಲ್ಲಿ, ‘ಗಳು’ ಒಂದು ಚಟವಾಗಿದೆ. ‘ರೈತರು ತಮ್ಮ ಬೆಳೆಗಳನ್ನು ಚೀಲಗಳಲ್ಲಿ ತುಂಬಿ ವಾಹನಗಳಲ್ಲಿ ಮಾರುಕಟ್ಟೆಗಳಿಗೆ ಸಾಗಿಸಿದರು’ ಎಂಬ ವಾಕ್ಯದಲ್ಲಿ ತಪ್ಪು ಹುಡುಕಲಾಗದು, ಆದರೆ ಇದನ್ನು ಯಾವ ರೈತನೂ ಆಡುವುದಿಲ್ಲ. ‘ಬೆಳೆಯನ್ನು ಚೀಲಕ್ಕೆ ತುಂಬಿ, ಗಾಡಿಗೆ ಹೇರಿ, ಪೇಟೆಗೆ ಸಾಗಿಸಿದರು’ ಎಂದರೆ ಒಂದು ಹನಿ ಅರ್ಥವೂ ಸೋರುವುದಿಲ್ಲ. ಹಾಗೆಂದು ಎಲ್ಲ ಕಡೆ ‘ಗಳು’ ಕಿತ್ತುಹಾಕುವುದು ಇನ್ನೊಂದು ಅತಿ. ‘ಬೇಕಾದ ದಾಖಲೆ ತನ್ನಿ’ ಎಂದು ಬರೆದರೆ ಓದಿದವನು ಆಧಾರ್ ಒಂದನ್ನೇ ಹಿಡಿದು ಬರಬಹುದು. ‘ದಾಖಲೆಗಳು’ ಎಂದರೆ ಎರಡನೆಯ ಸಲ ತಿರುಗುವುದು ತಪ್ಪುತ್ತದೆ. ಶಿಲಾಶಾಸನಗಳನ್ನು ಬರೆಸಿದವರಿಗೆ ಈ ವಿವೇಕ ಚೆನ್ನಾಗಿತ್ತು. ಸಿಂದರು ಆಳಿದ ಕುರುಗೋಡೂ ಸೇರಿ ಈ ಸೀಮೆಯ ದಾನಶಾಸನಗಳಲ್ಲಿ ಮತ್ತರು, ಗದ್ಯಾಣಗಳ ಪಕ್ಕದಲ್ಲಿ ಅಂಕಿ ನಿಲ್ಲುತ್ತದೆ, ಅಳತೆಯ ಪದಕ್ಕೆ ‘ಗಳ್’ ಹತ್ತುವುದಿಲ್ಲ. ದಾನವನ್ನು ಕಾಯಬೇಕಾದ ಜನರ ಮಾತು ಬಂದಾಗ ಬಹುವಚನ ತಪ್ಪುವುದಿಲ್ಲ.

ಈಗ ಈ ಪ್ರಶ್ನೆ ಫೋನಿನೊಳಗೂ ಬಂದಿದೆ. ತಂತ್ರಾಂಶಗಳನ್ನು ಕನ್ನಡಕ್ಕೆ ತರುವವರು ಬಳಸುವ ಯೂನಿಕೋಡ್ ಕೂಟದ ಭಾಷಾ ಕಡತದಲ್ಲಿ ಕನ್ನಡಕ್ಕೆ ಎರಡು ಗೂಡು ಕೊಟ್ಟಿದ್ದಾರೆ: ಸೊನ್ನೆ ಮತ್ತು ಒಂದಕ್ಕೆ ಒಂದು ಗೂಡು, ಉಳಿದ ಸಂಖ್ಯೆಗಳಿಗೆ ಇನ್ನೊಂದು. ಅನುವಾದಕರು ಎರಡನೆಯ ಗೂಡು ಕಂಡ ಕೂಡಲೇ ಅಲ್ಲಿ ‘ಗಳು’ ತುಂಬುತ್ತಾರೆ. ‘5 ಸಂದೇಶಗಳು’, ‘3 ಫೈಲ್‌ಗಳು’, ‘2 ನಿಮಿಷಗಳು’ ಎಂದು ಪರದೆ ನಮಗೆ ತೋರಿಸುತ್ತದೆ. ಗೂಡು ಎರಡಿದ್ದರೆ ಎರಡರಲ್ಲೂ ಬೇರೆ ಬೇರೆ ರೂಪ ಇರಲೇಬೇಕೆಂದೇನಿಲ್ಲ. ‘2 ನಿಮಿಷ’ ಎಂದು ಬರೆದು, ‘ಉಳಿದಿದೆ’ಯ ಜಾಗದಲ್ಲಿ ‘ಉಳಿದಿವೆ’ ಎಂದು ತಿದ್ದಿದರೂ ಆ ಗೂಡಿನ ಕೆಲಸ ಆಗುತ್ತದೆ, ಸಿರುಗುಪ್ಪದವರ ಕಿವಿಗೂ ಸರಿಹೋಗುತ್ತದೆ.